ಹದಿನಾರು ಜೋಡಿ ಹೈಡ್ರೋಜನ್, ಒಂದೇ ಜೋಡಿ ಆಕ್ಸಿಜನ್

ನಾನು ಓದಿದ್ದು ಗಣಿತ. ಕೆಮಿಸ್ಟ್ರಿಗೆ ಟೀಚರ್ ಸಿಗದ ಒಂದು ವರ್ಷ ಹೈಸ್ಕೂಲ್ ಮಕ್ಕಳಿಗೆ ಆ ಪಾಠವೂ ನನ್ನ ತಲೆಗೇ ಬಂತು. ಲೆಕ್ಕ ತಾನೇ, ಮಾಡಿದರಾಯಿತು ಅಂದುಕೊಂಡೆ. ತೂಕವನ್ನು ಅಣುತೂಕದಿಂದ ಭಾಗಿಸಿದರೆ ಮೋಲ್, ಅಂದರೆ ವಸ್ತು ಎಷ್ಟಿದೆ ಅನ್ನೋದಕ್ಕೆ ಕೆಮಿಸ್ಟ್ರಿಯ ಅಳತೆ. ಬೋರ್ಡ್ ಮೇಲೆ ಸೂತ್ರ ಬರೆದೆ, ಮಕ್ಕಳೂ ಬರೆದುಕೊಂಡರು. ಮೊದಲ ಎರಡು ವಾರ ಎಲ್ಲರ ಉತ್ತರವೂ ಸರಿ. ನಾನೂ ಖುಷಿ, ಅವರೂ ಖುಷಿ.

ಆಮೇಲೆ ಒಂದು ಪ್ರಶ್ನೆ ಕೊಟ್ಟೆ. 10 ಗ್ರಾಂ ಹೈಡ್ರೋಜನ್, 10 ಗ್ರಾಂ ಆಕ್ಸಿಜನ್ ಸೇರಿಸಿ ಉರಿಸಿದರೆ ಎಷ್ಟು ಗ್ರಾಂ ನೀರು ಬರುತ್ತದೆ? ಹೆಚ್ಚಿನವರು 20 ಅಂತ ಬರೆದರು. ನಾಚಿಕೆಯ ವಿಷಯ ಅಂದರೆ, ನನ್ನ ನೋಟ್ಸ್‌ನಲ್ಲೂ 20 ಅಂತಲೇ ಇತ್ತು. ಹಿಂದಿನ ಬೆಂಚಿನ ಒಬ್ಬಳು ಎದ್ದು ಕೇಳಿದಳು: ‘ಸಾರ್, ಎರಡೂ ಖಾಲಿ ಆಗುತ್ತೆ ಅಂತ ಯಾರು ಹೇಳಿದ್ದು?’

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾಳೆ ಹೇಳುತ್ತೇನೆ ಅಂದೆ.

ರಾತ್ರಿ ಕೂತು ಸೂತ್ರ ಬಿಟ್ಟು ಚಿತ್ರ ಬರೆದೆ. ಹೈಡ್ರೋಜನ್ ಅಣು ಅಂದರೆ ಎರಡು ಪರಮಾಣುಗಳ ಒಂದು ಜೋಡಿ, ತೂಕ 2. ಆಕ್ಸಿಜನ್ ಅಣುವೂ ಜೋಡಿಯೇ, ಆದರೆ ತೂಕ 32. ಅಂದರೆ 16 ಪಟ್ಟು ಭಾರ. ಹಾಗಾದರೆ ಒಂದೇ ತೂಕದ ಎರಡನ್ನು ತೆಗೆದುಕೊಂಡರೆ, ಒಂದು ಆಕ್ಸಿಜನ್ ಜೋಡಿಗೆ 16 ಹೈಡ್ರೋಜನ್ ಜೋಡಿ ಇರಲೇಬೇಕು. ಹಾಳೆಯ ಎಡಗಡೆ 16 ಪುಟ್ಟ ಜೋಡಿ, ಬಲಗಡೆ ಒಂದು ದೊಡ್ಡ ಜೋಡಿ ಬರೆದೆ. ಆಕ್ಸಿಜನ್ ಜೋಡಿ ಒಡೆದು ಎರಡು ಹೈಡ್ರೋಜನ್ ಜೋಡಿಗಳನ್ನು ತೆಗೆದುಕೊಂಡಿತು, ಎರಡು ನೀರಿನ ಅಣು ಆಯಿತು. ಉಳಿದ 14 ಜೋಡಿ ಸುಮ್ನೆ ಕೂತಿವೆ. 10 ಗ್ರಾಂನ 16ರಲ್ಲಿ 14 ಭಾಗ ಅಂದರೆ 8.75 ಗ್ರಾಂ. ಅಷ್ಟು ಹೈಡ್ರೋಜನ್ ಮಿಕ್ಕಿತು. ನೀರು 11.25 ಗ್ರಾಂ. ನನ್ನ 20 ಎಲ್ಲೂ ಹೋಗಿರಲಿಲ್ಲ, ಆದರೆ ಅದು ನೀರಿನ ತೂಕ ಅಲ್ಲ, ಪಾತ್ರೆಯಲ್ಲಿರುವ ಎಲ್ಲದರ ತೂಕ.

ಮೋಲ್ ಸೂತ್ರದಲ್ಲೂ ಮಾಡಿ ನೋಡಿದೆ. 0.3125 ಮೋಲ್ ಆಕ್ಸಿಜನ್, ಅದರ ಎರಡರಷ್ಟು ನೀರು, ನೀರಿನ ಅಣುತೂಕ 18ರಿಂದ ಗುಣಿಸಿದರೆ ಅದೇ 11.25. ಆದರೆ ಮಕ್ಕಳ ತಲೆಗೆ ಹೋಗಿದ್ದು 14 ಜೋಡಿಗಳೇ. ಮೋಲ್ ಅಂದರೆ ಎಣಿಕೆ, ತೂಕ ಅಲ್ಲ ಅನ್ನೋದು ಅವತ್ತು ನನಗೂ ನೆಟ್ಟಗೆ ಹೊಳೆಯಿತು. ಹಿಂದೆ ಮೋಲನ್ನು 12 ಗ್ರಾಂ ಕಾರ್ಬನ್-12 ಲೆಕ್ಕದಲ್ಲಿ ಹೇಳುತ್ತಿದ್ದರು, ಗೊಂದಲಕ್ಕೆ ಅದೂ ಒಂದು ಕಾರಣ ಇರಬಹುದು. 2019ರ ಮೇ 20ರಿಂದ ಅದು ನೇರವಾಗಿ ಒಂದು ಸಂಖ್ಯೆ: 6.02214076 × 10²³ ಕಣಗಳು.

ಚಿತ್ರ ಬರೆಯೋಕೆ ಶುರು ಮಾಡಿದ ಮೇಲೆ ಮುಂದಿನ ಪ್ರಶ್ನೆ ತಾನೇ ಬಂತು. ಒಂದು ಆಕ್ಸಿಜನ್‌ಗೆ ಎರಡೇ ಹೈಡ್ರೋಜನ್ ಯಾಕೆ? ಅದಕ್ಕೆ ಉತ್ತರ ಬಂಧದ ಪಾಠದಲ್ಲಿದೆ. ನಾನು ಅದನ್ನು ತಿಂಗಳ ಹಿಂದೆಯೇ ಬೇರೆ ಪಾಠ ಅಂತ ಮುಗಿಸಿಬಿಟ್ಟಿದ್ದೆ! ಹೊರಗಿನ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ಬರೆಯೋದನ್ನು 1916ರಲ್ಲಿ ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ ತೋರಿಸಿದ್ದರು, ಆ ಚುಕ್ಕಿಗಳಿಗೆ ವಾಪಸ್ ಹೋದೆವು. ಆಕ್ಸಿಜನ್‌ನ ಹೊರ ಕವಚದಲ್ಲಿ 6 ಎಲೆಕ್ಟ್ರಾನ್, 8 ಆಗೋಕೆ 2 ಬೇಕು. ಹೈಡ್ರೋಜನ್ ಒಂದೊಂದನ್ನೇ ಹಂಚಿಕೊಳ್ಳುತ್ತದೆ. 2H₂ + O₂ → 2H₂O ಸಮೀಕರಣದಲ್ಲಿ ಹೈಡ್ರೋಜನ್ ಮುಂದಿನ 2 ಎಲ್ಲಿಂದ ಬಂತು ಅಂತ ಆಮೇಲೆ ಯಾರೂ ಕೇಳಲಿಲ್ಲ.

ಉಪ್ಪಿನ ವಿಷಯದಲ್ಲಿ ಮಾತ್ರ ಚಿತ್ರವೇ ನನಗೆ ಮೋಸ ಮಾಡಿತು. ಸೋಡಿಯಂ ಒಂದು ಎಲೆಕ್ಟ್ರಾನ್ ಕೊಟ್ಟಿತು, ಕ್ಲೋರಿನ್ ತೆಗೆದುಕೊಂಡಿತು, ಇಬ್ಬರೂ ಅಂಟಿಕೊಂಡರು ಅಂತ ಒಂದು ಜೋಡಿ ಬರೆದು ‘ಉಪ್ಪಿನ ಅಣು’ ಅಂದೆ. ತಪ್ಪು. ಹರಳಿನೊಳಗೆ ಅಂಥ ಜೋಡಿಯೇ ಇಲ್ಲ. ಎಲೆಕ್ಟ್ರಾನ್ ಕೊಟ್ಟು ಅಥವಾ ಪಡೆದು ವಿದ್ಯುದಂಶ ಬಂದ ಕಣವೇ ಅಯಾನು; ಪ್ರತಿ ಸೋಡಿಯಂ ಅಯಾನಿನ ಸುತ್ತ 6 ಕ್ಲೋರೈಡ್ (ಕ್ಲೋರಿನ್ ಅಯಾನು), ಪ್ರತಿ ಕ್ಲೋರೈಡಿನ ಸುತ್ತ 6 ಸೋಡಿಯಂ. ಆರೂ ಕಡೆಯಿಂದ ಎಳೆತ ಇರೋದಕ್ಕೇ ಅದು ಬಿಸಿಗೆ ಕರಗಿ ದ್ರವ ಆಗಬೇಕಾದರೆ 801 ಡಿಗ್ರಿ ಸೆಲ್ಸಿಯಸ್ ಬೇಕು. ಈಗ ಅಣು ಅನ್ನಲ್ಲ, 58.5 ಅದರ ಸೂತ್ರತೂಕ, ಅಂದರೆ ಸೂತ್ರದಲ್ಲಿರುವ ಒಂದು ಸೋಡಿಯಂ, ಒಂದು ಕ್ಲೋರಿನ್ ಸೇರಿದ ತೂಕ ಅಂತೀನಿ. ಲೆಕ್ಕ ಬದಲಾಗಲ್ಲ, ಆದರೆ ತಲೆಯೊಳಗಿನ ಚಿತ್ರ ಬದಲಾಗುತ್ತದೆ. ಇನ್ನೊಂದು ತಪ್ಪು ಕಲ್ಪನೆ ಇದೇ ಜಾತಿಯದು: ನೀರು ಕುದಿದರೆ ಹೈಡ್ರೋಜನ್, ಆಕ್ಸಿಜನ್ ಬೇರೆಯಾಗುತ್ತವೆ ಅನ್ನೋದು. ಇಲ್ಲ, ಬಿಟ್ಟುಹೋಗೋದು ಅಣು-ಅಣುಗಳ ನಡುವಿನ ಎಳೆತ. ಅಣುವಿನೊಳಗಿನ ಬಂಧ ಹಾಗೇ ಇರುತ್ತದೆ.

ಅಣುವಿನ ಆಕಾರ ತೋರಿಸೋಕೆ ಬಲೂನು ಸಾಕು. ನಾಲ್ಕನ್ನು ಬುಡದಲ್ಲಿ ಸೇರಿಸಿ ಕಟ್ಟಿದರೆ ತಾವೇ ಮೀಥೇನ್ ಅಣುವಿನ ನಾಲ್ಕು ಹೈಡ್ರೋಜನ್‌ಗಳ ಹಾಗೆ ಒಂದರಿಂದೊಂದು ದೂರ ಸರಿದು ನಿಲ್ಲುತ್ತವೆ. ಜಾಸ್ತಿ ಹೇಳಬೇಕಾಗಿಲ್ಲ.

ವರ್ಷದ ಕೊನೆಗೆ ಬೋರ್ಡ್ ಬಿಟ್ಟು ತಕ್ಕಡಿಗೆ ಬಂದೆವು. 8.4 ಗ್ರಾಂ ಅಡುಗೆ ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್. ಸೂತ್ರತೂಕ 84, ಹಾಗಾಗಿ 0.1 ಮೋಲ್. ಕಾಯಿಸಿದರೆ ಎರಡಕ್ಕೆ ಒಂದು ಸೋಡಿಯಂ ಕಾರ್ಬನೇಟ್ ಆಗುತ್ತದೆ, ನೀರು ಮತ್ತು ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತವೆ. 0.05 ಮೋಲ್ ಗುಣಿಸು 106, ಉಳಿಯಬೇಕಾದ್ದು 5.3 ಗ್ರಾಂ. ಹೋಗಬೇಕಾದ್ದು 0.9 ಗ್ರಾಂ ನೀರು, 2.2 ಗ್ರಾಂ ಅನಿಲ. ಇಷ್ಟನ್ನೂ ಬರ್ನರ್ ಹಚ್ಚುವ ಮೊದಲೇ ಬರೆದಿಟ್ಟುಕೊಂಡೆವು.

ಹತ್ತು ನಿಮಿಷ ಕಾಯಿಸಿ ತೂಗಿದರೆ 6.1. ಸೂತ್ರವೇ ತಪ್ಪು ಅಂತ ಒಂದಿಬ್ಬರು ಕುಣಿದರು. ಗಾಜಿನ ಕಡ್ಡಿಯಿಂದ ಕೆದಕಿ ನೋಡಿದೆವು. ಬುಡದಲ್ಲಿದ್ದದ್ದು ಬೆಂದಿತ್ತು, ಮೇಲಿನ ಪದರ ಹಾಗೇ ಇತ್ತು. ಕದಡಿ ಮತ್ತೆ ಕಾಯಿಸಿದೆವು. ಅವಸರದಲ್ಲಿ ಬಿಸಿ ಬಟ್ಟಲನ್ನೇ ತಕ್ಕಡಿ ಮೇಲಿಟ್ಟೆ, ಅಂಕಿ ನಿಲ್ಲಲೇ ಇಲ್ಲ. ಆರಿದ ಮೇಲೆ 5.6. ಮತ್ತೆ ಕಾಯಿಸಿದಾಗ 5.4. ಇನ್ನೊಮ್ಮೆ ಕಾಯಿಸಿದರೂ 5.4. ಎರಡು ಸಲ ಒಂದೇ ತೂಕ ಬಂದರೆ ನಿಲ್ಲಿಸಬೇಕು, ನಿಲ್ಲಿಸಿದೆವು. ನಮ್ಮ ತಕ್ಕಡಿ 0.1 ಗ್ರಾಂಗಿಂತ ಚಿಕ್ಕದನ್ನು ತೋರಿಸಲ್ಲ.

ವರದಿಯಲ್ಲಿ ಒಬ್ಬ 5.3 ಅಂತ ಬರೆದು ತಂದಿದ್ದ. ‘ಸಾರ್, ಉತ್ತರ ಅದೇ ಅಲ್ವಾ?’ ಅಂದ. ಪಕ್ಕದಲ್ಲಿ ಕೂರಿಸಿಕೊಂಡು 5.4 ಮಾಡಿಸಿದೆ.