ಟುಲೂಸಿಗೆ ಓದಲು ಬರುವವರಿಗೆ: ರಾತ್ರಿ ಊಟಕ್ಕೆ ಮೇಜಿಗೆ ಬನ್ನಿ

ಪ್ರತಿ ವರ್ಷ ಆಗಸ್ಟ್ ಕೊನೆಯ ಹೊತ್ತಿಗೆ ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಹೊಸ ಹುಡುಗ ಹುಡುಗಿಯರು ಫ್ರಾನ್ಸಿನ ಟುಲೂಸಿಗೆ ಬಂದಿಳಿಯುತ್ತಾರೆ. ವಿಮಾನದ ಊರು ಇದು, ಹಾಗಾಗಿ ಏರೋಸ್ಪೇಸ್ ಓದುವವರು ಜಾಸ್ತಿ. ಮ್ಯಾನೇಜ್‌ಮೆಂಟಿಗೆ ಬರುವವರೂ ಇದ್ದಾರೆ. ರೂಮು ಸಿಗುವುದು ಕಷ್ಟ. ಅದಕ್ಕೇ ಕೆಲವರು ಮೊದಲ ತಿಂಗಳುಗಳನ್ನು ಒಂದು ಫ್ರೆಂಚ್ ಕುಟುಂಬದ ಮನೆಯಲ್ಲಿ ಕಳೆಯುತ್ತಾರೆ. ಭಾನುವಾರ ನಮ್ಮ ಮನೆಗೆ ಊಟಕ್ಕೆ ಬಂದಾಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಬಂದ ಮೇಲೆ ಕೇಳುವುದಕ್ಕಿಂತ ಹೊರಡುವ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂತ ಬರೆಯುತ್ತಿದ್ದೇನೆ.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ. ಬಂದ ಮೂರು ತಿಂಗಳೊಳಗೆ ವೀಸಾವನ್ನು ಆನ್‌ಲೈನಿನಲ್ಲಿ ವ್ಯಾಲಿಡೇಟ್ ಮಾಡಿ. ಆರೋಗ್ಯ ವಿಮೆಗೆ ಅಮೇಲಿ ವೆಬ್‌ಸೈಟಿನಲ್ಲಿ ಹೆಸರು ನೋಂದಾಯಿಸಿ. ಅಪ್ಪ ಅಮ್ಮನ ಹೆಸರಿರುವ ಜನನ ಪ್ರಮಾಣಪತ್ರ ಊರಿಂದಲೇ ತನ್ನಿ. ಬ್ಯಾಂಕ್ ಖಾತೆಗೆ ಮನೆಯವರಿಂದ 'ಅತೆಸ್ತಾಸ್ಯೋಂ ದೆಬೆರ್ಜ್‌ಮಾಂ' ಅನ್ನುವ, ನೀವು ಅವರ ಮನೆಯಲ್ಲಿದ್ದೀರಿ ಅಂತ ತಿಳಿಸುವ ಪತ್ರ, ಅವರ ಗುರುತಿನ ಚೀಟಿಯ ಪ್ರತಿ, ಒಂದು ಕರೆಂಟ್ ಬಿಲ್ಲು ಕೇಳಿ ಪಡೆಯಿರಿ. ವರ್ಷಕ್ಕೆ 964 ಗಂಟೆ ಕೆಲಸ ಮಾಡಲು ಅವಕಾಶ ಇದೆ. ತುರ್ತಿಗೆ 112. ಇಷ್ಟು ಸಾಕು.

ಈಗ ಮುಖ್ಯ ವಿಷಯ. ನೀವು ಮಾಡಿಕೊಂಡ ಒಪ್ಪಂದ ಸಾಮಾನ್ಯವಾಗಿ ಬೆಳಗಿನ ತಿಂಡಿ ಮತ್ತು ರಾತ್ರಿ ಊಟದ್ದು. ಮಧ್ಯಾಹ್ನ ವಿದ್ಯಾರ್ಥಿಗಳ ಕ್ರೂಸ್ ಕ್ಯಾಂಟೀನು. ಫ್ರೆಂಚ್ ಮನೆಯಲ್ಲಿ ರಾತ್ರಿ ಎಂಟರ ಆಸುಪಾಸಿಗೆ ಎಲ್ಲರೂ ಮೇಜಿಗೆ ಬರುತ್ತಾರೆ. ಬಡಿಸಿಕೊಂಡು ಟಿವಿ ಮುಂದೆ ಹೋಗುವುದಿಲ್ಲ. ಒಬ್ಬರು ಬರುವುದು ತಡವಾದರೆ ಉಳಿದವರು ಕಾಯುತ್ತಾರೆ. ಎಲ್ಲರೂ ಕೂತ ಮೇಲೇ ಶುರು, ಎಲ್ಲರದೂ ಮುಗಿದ ಮೇಲೇ ಏಳುವುದು. ಹೊಸಬರು ಎಡವುವುದು ಇಲ್ಲೇ. ಎಂಟು ಗಂಟೆಗೆ ಊರಿಂದ ವಿಡಿಯೋ ಕಾಲ್ ಬರುತ್ತದೆ, ಬಾಗಿಲು ಮುಚ್ಚಿಕೊಂಡು ಒಳಗೆ ಕೂರುತ್ತಾರೆ. 'ನನಗೆ ಹಸಿವಿಲ್ಲ, ನೀವು ಮಾಡಿ' ಅಂತ ಮನೆಯಾಕೆಗೆ ಮೆಸೇಜ್ ಹಾಕುತ್ತಾರೆ. ತೊಂದರೆ ಕೊಡಬಾರದು ಅನ್ನುವ ಸಂಕೋಚ ಅದು, ನನಗೆ ಗೊತ್ತು. ಆದರೆ ಆ ಮನೆಯವರಿಗೆ ಕಾಣುವುದೇ ಬೇರೆ. ಈ ಹುಡುಗನಿಗೆ ನಮ್ಮ ಜೊತೆ ಕೂರಲು ಇಷ್ಟವಿಲ್ಲ, ಅಡುಗೆ ಹಿಡಿಸಿಲ್ಲ, ಏನೋ ಬೇಜಾರಾಗಿದೆ ಅಂತ ಅವರು ಒಳಗೊಳಗೇ ಕೊರಗುತ್ತಾರೆ. ಎರಡು ವಾರ ಹೀಗೇ ನಡೆದರೆ ಕರೆಯುವುದನ್ನೇ ಬಿಡುತ್ತಾರೆ. ಆಮೇಲೆ ಆ ಮನೆಯಲ್ಲಿ ನೀವು ಬರೀ ಬಾಡಿಗೆದಾರ.

ಕಾಲ್ ಸಮಯ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಸೆಪ್ಟೆಂಬರಿನಲ್ಲಿ ಇಲ್ಲಿಗೂ ಊರಿಗೂ ಮೂರೂವರೆ ಗಂಟೆ ವ್ಯತ್ಯಾಸ. ಅಮ್ಮ ಊಟ ಮುಗಿಸಿ ಪಾತ್ರೆ ಇಟ್ಟು ಕೂರುವ ಒಂಬತ್ತೂವರೆ ಅಂದರೆ ಇಲ್ಲಿ ಸಂಜೆ ಆರು. ಆಗಲೇ ಮಾತಾಡಿ. ಅಕ್ಟೋಬರ್ ಕೊನೆಯ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ವ್ಯತ್ಯಾಸ ನಾಲ್ಕೂವರೆ ಆಗುತ್ತದೆ. ಅದನ್ನು ಮನೆಯಲ್ಲಿ ಮೊದಲೇ ಹೇಳಿಡಿ. ಇಲ್ಲದಿದ್ದರೆ ನಿಮ್ಮ ಫೋನಿಗಾಗಿ ಅಪ್ಪ ಸುಮ್ನೆ ನಿದ್ದೆಗೆಟ್ಟು ಕೂರುತ್ತಾರೆ.

ಏನು ತಿನ್ನುತ್ತೀರಿ, ಏನು ತಿನ್ನುವುದಿಲ್ಲ ಅನ್ನುವುದನ್ನು ಬರುವ ಮೊದಲೇ ಮೇಲ್ ಮಾಡಿ, ಒಂದೊಂದಾಗಿ ಬಿಡಿಸಿ ಬರೆಯಿರಿ. ಬರೀ 'ವೆಜಿಟೇರಿಯನ್' ಅಂದರೆ ಸಾಲದು. ಮೀನು ಪರವಾಗಿಲ್ಲ ಅಂದುಕೊಳ್ಳುವವರು ಇಲ್ಲಿ ಇದ್ದಾರೆ. ಸಾಲಡ್ಡಿಗೆ, ಕೀಶ್‌ಗೆ ಸಣ್ಣಗೆ ಹೆಚ್ಚಿದ ಹಂದಿ ಮಾಂಸ ಹಾಕುತ್ತಾರೆ, ಅದಕ್ಕೆ ಲಾರ್ಡೋಂ ಅನ್ನುತ್ತಾರೆ. ತರಕಾರಿ ಸೂಪಿಗೆ ಚಿಕನ್ ಕ್ಯೂಬ್ ಬಿದ್ದಿರಬಹುದು. ಕೆಲವು ಸಿಹಿತಿನಿಸಿನಲ್ಲಿ ಜೆಲಟಿನ್ ಇರುತ್ತದೆ. ಮೊಟ್ಟೆ ತಿನ್ನುತ್ತೀರಾ ಇಲ್ಲವಾ, ಅದನ್ನು ಖಂಡಿತ ಹೇಳಿ, ಏಕೆಂದರೆ ಸಸ್ಯಾಹಾರಿ ಅಂದ ತಕ್ಷಣ ಅವರಿಗೆ ಹೊಳೆಯುವುದು ಆಮ್ಲೆಟ್. ಮಾಂಸ ತಿನ್ನುವವರೂ ಎಚ್ಚರವಾಗಿರಬೇಕು. ನಮ್ಮಲ್ಲಿ ನಾನ್‌ವೆಜ್ ಅಂದರೆ ಕೋಳಿ, ಕುರಿ, ಮೀನು. ಇಲ್ಲಿ ಲಸಾನಿಯಾ, ಆಶಿ ಪಾರ್ಮಾಂತಿಯೆ, ಮಕ್ಕಳ ತಟ್ಟೆಯ ಸ್ಟೇಕ್ ಆಶೆ, ಇವೆಲ್ಲ ಸಾಮಾನ್ಯವಾಗಿ ದನದ ಮಾಂಸ. ಬೇಡ ಅಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮುಂಚೆ ಹೇಳದೆ ಬಡಿಸಿದ ಮೇಲೆ ತಟ್ಟೆ ಸರಿಸಿದರೆ ಅಡುಗೆ ಮಾಡಿದವರಿಗೆ ನಿಜಕ್ಕೂ ನೋವಾಗುತ್ತದೆ.

ನಮ್ಮ ಕಡೆ ಮೊದಲ ಸಲ ಬೇಡ ಅನ್ನುವುದು ಮರ್ಯಾದೆ. ಮನೆಯವರು ಒತ್ತಾಯ ಮಾಡಬೇಕು, ಇನ್ನೊಂದು ತುತ್ತು ಅಂತ ಹಾಕಬೇಕು. ಇಲ್ಲಿ ಬೇಡ ಅಂದರೆ ಬೇಡವೇ. ಪಾತ್ರೆ ಮುಂದಿನವರ ಕೈಗೆ ಹೋಗಿಬಿಡುತ್ತದೆ. ಎರಡನೇ ಸಲ ಕೇಳದಿದ್ದರೆ ಪ್ರೀತಿ ಇಲ್ಲ ಅಂತಲ್ಲ. ನಿಮ್ಮ ಮಾತನ್ನು ನಂಬಿದ್ದಾರೆ, ಅಷ್ಟೇ. ಹಸಿವಿದ್ದರೆ ಬಾಯಿಬಿಟ್ಟು ಕೇಳಿ. ಕೇಳಿ ಹಾಕಿಸಿಕೊಂಡರೆ ಆ ಮನೆಯಾಕೆಯ ಮುಖ ಅರಳುತ್ತದೆ, ಇದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಚೀಸ್ ತಟ್ಟೆ ಮಾತ್ರ ಒಂದೇ ಸುತ್ತು ಬರುತ್ತದೆ, ಬೇಕಾದಷ್ಟನ್ನು ಆಗಲೇ ತೆಗೆದುಕೊಳ್ಳಬೇಕು. ತ್ರಿಕೋನದ ತುಂಡಿದ್ದರೆ ಚೂಪು ತುದಿಯನ್ನು ಕತ್ತರಿಸಬೇಡಿ, ಉದ್ದಕ್ಕೆ ಸೀಳಿ. ಮಧ್ಯದ ಒಳ್ಳೆಯ ಭಾಗ ಎಲ್ಲರಿಗೂ ಸಿಗಲಿ ಅಂತ ಈ ಪದ್ಧತಿ. ಕೈಗಳು ಮೇಜಿನ ಮೇಲೆ ಕಾಣುವಂತಿರಲಿ. ಬ್ರೆಡ್ಡನ್ನು ತಟ್ಟೆಯ ಪಕ್ಕ ಬರೀ ಮೇಜಿನ ಮೇಲೇ ಇಡುತ್ತಾರೆ, ಗಾಬರಿಯಾಗಬೇಡಿ.

ಮೊಸರಿಲ್ಲದೆ ಊಟ ಮುಗಿದ ಹಾಗಾಗುವುದಿಲ್ಲ ಅನ್ನುವ ಮಕ್ಕಳಿಗೆ ಒಂದು ಸಂತೋಷದ ಸುದ್ದಿ. ಎಷ್ಟೋ ಫ್ರೆಂಚ್ ಮನೆಗಳಲ್ಲಿ ರಾತ್ರಿ ಊಟ ಮುಗಿಯುವುದೂ ಮೊಸರಿನಿಂದಲೇ. 125 ಗ್ರಾಮಿನ ಪುಟ್ಟ ಡಬ್ಬಿ, ಅದಕ್ಕೆ ಸಕ್ಕರೆಯೋ ಜಾಮೋ ಹಾಕಿ ಚಮಚದಲ್ಲಿ ತಿನ್ನುತ್ತಾರೆ. ಅನ್ನ ಮಾಡಿದ ದಿನ ಎರಡು ಚಮಚ ಅನ್ನ ತಟ್ಟೆಯಲ್ಲೇ ಉಳಿಸಿಕೊಳ್ಳಿ, ಡಬ್ಬಿ ಬಂದಾಗ ಉಪ್ಪು ಹಾಕಿ ಕಲಸಿ. ಏನು ಮಾಡುತ್ತಿದ್ದೀರಿ ಅಂತ ಮನೆಯ ಮಕ್ಕಳು ಕೇಳುತ್ತಾರೆ. ಹೇಳಿ. ಹಾಸನದ ಒಬ್ಬ ಹುಡುಗಿ ಹೀಗೆ ಹೇಳಿದ್ದೇ, ಆ ಮನೆಯ ಆರು ವರ್ಷದ ಹುಡುಗ ಮರುವಾರದಿಂದ ತಾನೂ ಅನ್ನ ಉಳಿಸತೊಡಗಿದ. ಅವನ ಅಮ್ಮ ಬುಧವಾರ ಬುಧವಾರ ಅನ್ನ ಮಾಡಲು ಶುರು ಮಾಡಿದರು. ಅದು ಆ ಹುಡುಗಿಗಾಗಿ ಅಂತ ಅವರು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಇವಳಿಗೆ ಗೊತ್ತಾಯಿತು. ಆ ವಾರ ಮೊದಲ ಸಲ ಊರಿಗೆ ಅಳದೆ ಕಾಲ್ ಮಾಡಿದೆ ಅಂದಳು.

ನೀವೇ ಅಡುಗೆ ಮಾಡುವುದಾದರೆ ಕೇಳಿ, ದಿನ ಗೊತ್ತುಮಾಡಿಕೊಂಡು ಮಾಡಿ. ಕಿಟಕಿ ತೆಗೆದು, ಚಿಮಣಿ ಹಾಕಿದ ಮೇಲೇ ಒಗ್ಗರಣೆ. ಮುಚ್ಚಿದ ಮನೆಯಲ್ಲಿ ಸಾಸಿವೆ, ಕೆಂಪು ಮೆಣಸಿನಕಾಯಿಯ ಘಾಟು ಪರದೆ, ಕೋಟುಗಳಿಗೆಲ್ಲ ಹಿಡಿಯುತ್ತದೆ. ಇಂಗಿನ ಡಬ್ಬಿಯನ್ನು ಇನ್ನೊಂದು ಡಬ್ಬಿಯೊಳಗೆ ಹಾಕಿಡಿ. ಊರಿನ ಅಲ್ಯೂಮಿನಿಯಂ ಕುಕ್ಕರ್ ಇಲ್ಲಿನ ಇಂಡಕ್ಷನ್ ಒಲೆ ಮೇಲೆ ಬಿಸಿಯಾಗುವುದಿಲ್ಲ, ಇಂಡಕ್ಷನ್ ತಳ ಇರುವುದನ್ನೇ ತನ್ನಿ. ತರದಿದ್ದರೂ ಚಿಂತೆ ಇಲ್ಲ, ಬಹಳ ಫ್ರೆಂಚ್ ಮನೆಗಳಲ್ಲಿ ಕೊಕೊತ್-ಮಿನಿತ್ ಅನ್ನುವ ಪ್ರೆಶರ್ ಕುಕ್ಕರ್ ಇರುತ್ತದೆ. ಹಬೆಯ ಒತ್ತಡದಲ್ಲಿ ಬೇಯಿಸುವ ಪಾತ್ರೆಯನ್ನು 1679ರಲ್ಲಿ ಮಾಡಿದ ದೆನಿ ಪಾಪ್ಯಾಂ ಇವರ ದೇಶದವರೇ. ಸಣ್ಣ ರವೆ ಯಾವ ಅಂಗಡಿಯಲ್ಲೂ 'ಸೆಮೂಲ್' ಅಂತ ಸಿಗುತ್ತದೆ, ಉಪ್ಪಿಟ್ಟು ಚೆನ್ನಾಗಿ ಆಗುತ್ತದೆ. ಕೊತ್ತಂಬರಿ, ಹಸಿಮೆಣಸಿನಕಾಯಿಗೆ ಆರ್ನೋ ಬೆರ್ನಾರ್ ಬೀದಿಯ ಉತ್ತರ ಆಫ್ರಿಕಾದವರ ಅಂಗಡಿಗಳು. ಕರಿಬೇವು, ತೊಗರಿಬೇಳೆಗೆ ಯಾರಾದರೂ ಪ್ಯಾರಿಸಿಗೆ ಹೋದಾಗ ಲಾ ಶಾಪೆಲ್‌ನ ಶ್ರೀಲಂಕಾ ತಮಿಳರ ಅಂಗಡಿಗಳಿಂದ ತರಿಸಿ, ಕರಿಬೇವನ್ನು ಫ್ರೀಜರಿನಲ್ಲಿಡಿ.

ಸ್ನಾನದ ಮನೆಯ ಬಗ್ಗೆ ಎರಡು ಮಾತು. ನೆಲದಲ್ಲಿ ನೀರು ಹೋಗುವ ಕಿಂಡಿ ಇರುವುದಿಲ್ಲ. ಬಕೆಟ್ಟು, ಚೊಂಬು ಇಟ್ಟುಕೊಂಡು ನೆಲದ ಮೇಲೆ ಮೈಗೆ ನೀರು ಹಾಕಿಕೊಂಡರೆ ಕೆಳಗಿನ ಮನೆಯ ಚಾವಣಿ ಸೋರುತ್ತದೆ. ಶವರ್ ಅಥವಾ ಟಬ್ಬಿನ ಒಳಗೇ ಸ್ನಾನ. ಬಿಸಿನೀರು ಎಷ್ಟೋ ಮನೆಗಳಲ್ಲಿ ನಮ್ಮ ಹಂಡೆಯ ಹಾಗೆ, ಒಂದು ದೊಡ್ಡ ಟ್ಯಾಂಕಿನಲ್ಲಿ ರಾತ್ರಿ ಕಾಯುತ್ತದೆ, ಏಕೆಂದರೆ ರಾತ್ರಿ ಕರೆಂಟು ಅಗ್ಗ. ನೀವು ಬೆಳಿಗ್ಗೆ ಅರ್ಧ ಗಂಟೆ ನಿಂತರೆ ಉಳಿದವರಿಗೆ ತಣ್ಣೀರೇ ಗತಿ. ಚಳಿಗಾಲದಲ್ಲಿ ಹೀಟರ್ 19 ಡಿಗ್ರಿಗೆ ಇರುತ್ತದೆ. ಸರ್ಕಾರದ ನಿಯಮವೇ ಅದು, ಮನೆಯವರ ಜಿಪುಣತನವಲ್ಲ. ಸ್ವೆಟರ್ ಹಾಕಿಕೊಳ್ಳಿ, ಒಳಗೆ ಹೀಟರ್ ಏರಿಸಬೇಡಿ.

ಇಲ್ಲಿ ನನಗೆ ಸಿಟ್ಟು ಬರಿಸುವ ಒಂದು ಸಂಗತಿ ಇದೆ. ಬಂದ ವಾರದೊಳಗೇ ಸೀನಿಯರ್‌ಗಳು ಕಿವಿಯಲ್ಲಿ ಊದುತ್ತಾರೆ: 'ಅಲ್ಲಿ ಯಾಕಿದೀಯಾ, ನಮ್ಮ ಫ್ಲಾಟಿಗೆ ಬಾ, ಅನ್ನ ಸಾರು ಸಿಗುತ್ತೆ, ಬಾಡಿಗೆ ಕಮ್ಮಿ.' ಹೋಗುತ್ತಾರೆ. ನಮ್ಮವರೇ ಐದಾರು ಜನ, ಒಳಗೆ ಇಂಗ್ಲಿಷು, ಹಿಂದಿ, ಕನ್ನಡ. ಕೋರ್ಸೂ ಇಂಗ್ಲಿಷಿನಲ್ಲಿ. ಎರಡು ವರ್ಷ ಕಳೆದರೂ ಬೇಕರಿಯಲ್ಲಿ ಬಾಗೆತ್ ಕೇಳುವುದಕ್ಕಿಂತ ಜಾಸ್ತಿ ಫ್ರೆಂಚ್ ಬರುವುದಿಲ್ಲ. ಸ್ಟಾಜ್, ಅಂದರೆ ಇಂಟರ್ನ್‌ಶಿಪ್, ಹುಡುಕಲು ಹೊರಟಾಗ ಕಂಪನಿಯವರು ಮೊದಲು ಕೇಳುವುದು ಭಾಷೆಯನ್ನೇ. ಓದಿನಲ್ಲಿ ಬುದ್ಧಿವಂತರಾದ ಮಕ್ಕಳು, ಸಾಲ ಮಾಡಿ ಬಂದವರು, ಆಗ ನಮ್ಮ ಮನೆಯ ಸೋಫಾದಲ್ಲಿ ತಲೆ ತಗ್ಗಿಸಿ ಕೂರುವುದನ್ನು ನೋಡಲಾಗುವುದಿಲ್ಲ. ದಿನಾ ರಾತ್ರಿ ಒಂದು ಗಂಟೆ ಮೇಜಿನಲ್ಲಿ ಕೂತು ಹವಾಮಾನ, ಸ್ಟ್ರೈಕು, ಮಗುವಿನ ಶಾಲೆ ಅಂತ ಕೇಳಿಸಿಕೊಂಡಿದ್ದರೆ ಭಾಷೆ ತಾನಾಗಿ ನಾಲಿಗೆಗೆ ಬರುತ್ತಿತ್ತು. ಯಾವ ಕ್ಲಾಸೂ ಅದನ್ನು ಕೊಡುವುದಿಲ್ಲ. ಕೆಲವು ತಿಂಗಳಾದರೂ ಆ ಮನೆಯಲ್ಲಿರಿ. ಮನೆಯವರು ಒಳ್ಳೆಯವರಲ್ಲದಿದ್ದರೆ ಬೇರೆ ಮಾತು. ಒಪ್ಪಂದದಲ್ಲಿದ್ದ ಊಟ ಕೊಡುತ್ತಿಲ್ಲ, ರೂಮಿಗೆ ಕೇಳದೆ ಬರುತ್ತಾರೆ, ದಿನವಿಡೀ ಮಗು ನೋಡಿಕೊಳ್ಳಲು ಹೇಳುತ್ತಾರೆ ಅಂದರೆ ಸಹಿಸಿಕೊಂಡು ಕೂರಬೇಡಿ. ನಿಮ್ಮನ್ನು ಆ ಮನೆಗೆ ಸೇರಿಸಿದವರಿಗೆ ಬರೆದು ತಿಳಿಸಿ, ಮನೆ ಬದಲಿಸಿ.

ಇಷ್ಟು ಒತ್ತಿ ಹೇಳಲು ನನ್ನದೇ ಕಾರಣವೂ ಇದೆ. ನನ್ನ ಮಕ್ಕಳು ಇಲ್ಲೇ ಹುಟ್ಟಿದವರು. ಎಲ್ಲರೂ ಕೂತು ತಿನ್ನುವುದನ್ನು ಅವರು ಗೆಳೆಯರ ಮನೆಗಳಲ್ಲಿ ಕಲಿತು ನಮ್ಮ ಮನೆಗೆ ತಂದರು. ಈಗ ನಾವೂ ಎಂಟು ಗಂಟೆಗೆ ಮೇಜಿಗೆ ಬರುತ್ತೇವೆ. ನಾನು ಕನ್ನಡದಲ್ಲಿ ಕೇಳುತ್ತೇನೆ, ಮಗಳು ಫ್ರೆಂಚಿನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಅಮ್ಮ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೈತುತ್ತು ಹಾಕುತ್ತಿದ್ದರು. ನನ್ನ ಮಕ್ಕಳಿಗೆ ಅದು ಸಿಕ್ಕಿದ್ದು ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾತ್ರ. ಈಗ ಅಮ್ಮ ಇಲ್ಲ. ಆ ಕೊರತೆಯನ್ನು ತುಂಬಲು ನನ್ನಿಂದ ಆಗಿಲ್ಲ. ಭಾನುವಾರ ಬರುವ ನೀವು ನನ್ನ ಮಗನ ಜೊತೆ ಕನ್ನಡದಲ್ಲಿ ಜಗಳವಾಡುತ್ತೀರಿ, 'ಮಗಾ' ಅನ್ನುವುದನ್ನು ಕಲಿಸಿದ್ದೀರಿ. ಅಣ್ಣ, ಅಕ್ಕ ಅಂತ ಕರೆಯಲು ಅವನಿಗೆ ಇಲ್ಲೂ ಜನ ಸಿಕ್ಕಿದ್ದಾರೆ. ನಿಮ್ಮಿಂದ ನಮಗೆ ಏನು ಸಿಗುತ್ತದೆ ಅನ್ನುವುದು ನಿಮಗೆ ಗೊತ್ತಿರಲಿ. ಅದೇ ರೀತಿ ಆ ಫ್ರೆಂಚ್ ಮನೆಗೂ ನಿಮ್ಮಿಂದ ಏನೋ ಸಿಗುತ್ತಿರುತ್ತದೆ. ಮಕ್ಕಳು ದೊಡ್ಡವರಾಗಿ ದೂರ ಹೋದ ಮೇಲೆ ಖಾಲಿಯಾದ ರೂಮನ್ನೇ ನಿಮಗೆ ಕೊಟ್ಟಿರುವವರು ಬಹಳ ಜನ.

ಹೂವಿನ ಬಗ್ಗೆ ಹೇಳಲೇಬೇಕು. ಅಕ್ಟೋಬರ್ ಕೊನೆಗೆ ಇಲ್ಲಿನ ಅಂಗಡಿಗಳ ಮುಂದೆ ಸೇವಂತಿಗೆಯ ಕುಂಡಗಳು ಸಾಲಾಗಿ ಬರುತ್ತವೆ. ಹಳದಿ, ಬಿಳಿ, ನೇರಳೆ. ದೀಪಾವಳಿ ಹತ್ತಿರ ಬಂದಿರುತ್ತದೆ, ನೋಡಿದ ಕೂಡಲೇ ನಮಗೆ ದೇವರ ಮನೆ ನೆನಪಾಗುತ್ತದೆ, ಅಲ್ವಾ? ಆದರೆ ಇಲ್ಲಿ ಸೇವಂತಿಗೆ ಸಮಾಧಿಯ ಹೂವು. ನವೆಂಬರ್ 1ರ ತೂಸ್ಸಾಂ ದಿನದ ಹೊತ್ತಿಗೆ ತೀರಿಹೋದವರ ಸಮಾಧಿಗೆ ಇಡಲೆಂದೇ ಕೊಳ್ಳುತ್ತಾರೆ, ಯಾರ ಮನೆಗೂ ಉಡುಗೊರೆಯಾಗಿ ಒಯ್ಯುವುದಿಲ್ಲ. ಒಬ್ಬ ಹುಡುಗ ಇದು ತಿಳಿಯದೆ, ತಾನಿದ್ದ ಮನೆಯ ವಯಸ್ಸಾದ ಹೆಂಗಸಿಗೆ ಹಬ್ಬದ ದಿನ ಒಂದು ಹಳದಿ ಕುಂಡ ತಂದುಕೊಟ್ಟ. ಆಕೆ ಒಂದು ಕ್ಷಣ ಮಾತಾಡಲಿಲ್ಲ. ಆಮೇಲೆ ಕೂರಿಸಿ, ಇದು ಯಾವುದಕ್ಕೆ ಇಡುವ ಹೂವು ಅಂತ ತಿಳಿಸಿ ಹೇಳಿದರು. ಇವನೂ ನಮ್ಮಲ್ಲಿ ಇದನ್ನು ದೇವರಿಗೆ ಮುಡಿಸುತ್ತೇವೆ, ಹೆಂಗಸರು ಜಡೆಗೂ ಮುಡಿಯುತ್ತಾರೆ ಅಂತ ಹೇಳಿದ. ತೂಸ್ಸಾಂ ದಿನ ಆಕೆ ಅದೇ ಕುಂಡವನ್ನು ಗಂಡನ ಸಮಾಧಿಗೆ ಒಯ್ದರು, ಇವನನ್ನೂ ಕರೆದುಕೊಂಡು ಹೋದರು. ನೀವು ಒಯ್ಯುವುದಾದರೆ ಬೇರೆ ಹೂವು ಆರಿಸಿ, ಅಥವಾ ಚನ್ನಪಟ್ಟಣದ ಗೊಂಬೆ, ಮೈಸೂರು ಸ್ಯಾಂಡಲ್ ಸೋಪು ಕೊಡಿ.

ಅದೇ ತೂಸ್ಸಾಂಗೆ ಶಾಲೆಗಳಿಗೆ ಎರಡು ವಾರ ರಜೆ. ಮನೆಯವರು ಊರಿಗೆ ಹೋಗುವುದುಂಟು. ನೀವು ಮನೆಯಲ್ಲೇ ಇರಬಹುದಾ, ಊಟಕ್ಕೆ ಏನು ವ್ಯವಸ್ಥೆ ಅಂತ ಅಕ್ಟೋಬರ್ ಮೊದಲ ವಾರವೇ ಕೇಳಿ. ಕ್ರಿಸ್‌ಮಸ್ಸಿಗೂ ಹಾಗೆಯೇ.

ಆ ಫ್ರೆಂಚ್ ಮನೆ ಬಿಟ್ಟು ಬಂದ ಮೇಲೆ ಸಂಬಂಧ ಬಿಡಬೇಡಿ. ಇಲ್ಲಿ ಹೊಸ ವರ್ಷದ ಶುಭಾಶಯವನ್ನು ಜನವರಿ ಮುಗಿಯುವವರೆಗೂ ಹೇಳುತ್ತಾರೆ, ಒಂದು ಕಾರ್ಡ್ ಬರೆಯಲು ತಿಂಗಳು ಪೂರ್ತಿ ಸಮಯ ಇದೆ. ಅಪ್ಪ ಅಮ್ಮ ಊರಿಂದ ಬಂದಾಗ ಆ ಮನೆಗೆ ಕರೆದುಕೊಂಡು ಹೋಗಿ. ಮುಂಚೆ ಕೇಳಿ ದಿನ ಗೊತ್ತುಮಾಡಿ. ಎಂಟು ಗಂಟೆಗೆ ಕರೆದಿದ್ದರೆ ಎಂಟೂ ಕಾಲಿಗೆ ಬಾಗಿಲು ತಟ್ಟಿ, ಅಡುಗೆಮನೆಯಲ್ಲಿ ಅವರ ಕೆಲಸ ಮುಗಿದಿರುತ್ತದೆ. ಅಮ್ಮ ಮೊದಲ ಸಲ ಬೇಡ ಅನ್ನುತ್ತಾರೆ. ಆಗ ಪಕ್ಕದಲ್ಲಿ ಕೂತು, ಹಾಕಿಸಿಕೋ ಅಮ್ಮ ಅಂತ ಹೇಳುವುದು ನಿಮ್ಮ ಕೆಲಸ.