ಬೆಳಗಾವಿಯಿಂದ ವಿದೇಶಕ್ಕೆ ಹೊರಟಿದ್ದೀರಾ? ಬೆಂಗಳೂರಿನ ಆ ಒಂದು ರಾತ್ರಿ

ಮೊದಲು ಟಿಕೆಟ್ ನೋಡಿ. ಬೆಳಗಾವಿಯ ಸಾಂಬ್ರಾ ಏರ್‌ಪೋರ್ಟ್‌ನಿಂದ ಬೆಂಗಳೂರಿಗೆ ಒಂದು, ಅಲ್ಲಿಂದ ದುಬೈಗೆ ಇನ್ನೊಂದು ಎಂದು ಬೇರೆ ಬೇರೆ ಪಿಎನ್‌ಆರ್ ಇದ್ದರೆ, ಬ್ಯಾಗ್ ಸಾಮಾನ್ಯವಾಗಿ ಬೆಂಗಳೂರಿನಲ್ಲೇ ಇಳಿಯುತ್ತದೆ. ಅದನ್ನು ಬೆಲ್ಟ್‌ನಿಂದ ತಗೊಂಡು ಮತ್ತೆ ಚೆಕ್-ಇನ್ ಮಾಡಿಸಬೇಕು. ಅಂತರರಾಷ್ಟ್ರೀಯ ವಿಮಾನಗಳು ಹೊರಡುವುದು ಟರ್ಮಿನಲ್ 2ರಿಂದ. ನೀವು 1ರಲ್ಲಿ ಇಳಿದರೆ ನಡುವೆ ಉಚಿತ ಶಟಲ್ ಬಸ್ ಇದೆ.

ಎಡವಟ್ಟಾಗುವುದು ತಾರೀಖಿನಲ್ಲಿ. 15ರ 00:45ಕ್ಕೆ ವಿಮಾನ ಅಂದರೆ 14ರ ರಾತ್ರಿ 9:30ರೊಳಗೆ ಏರ್‌ಪೋರ್ಟ್‌ನಲ್ಲಿರಬೇಕು. 15ರ ರಾತ್ರಿಗೆ ರೂಮ್ ಹಿಡಿದವರಿಗೆ ರೂಮ್ ಸಿಗುತ್ತದೆ, ವಿಮಾನ ಸಿಗುವುದಿಲ್ಲ!

ಎಂಟು ತಾಸಿಗಿಂತ ಕಡಿಮೆ ಬಿಡುವಿದ್ದರೆ ಹೋಟೆಲ್ ದಂಡ. ಟರ್ಮಿನಲ್‌ನಲ್ಲೇ ಕಾಲು ಚಾಚಿ. ಹೆಚ್ಚಿದ್ದರೆ ದೇವನಹಳ್ಳಿ ಅಥವಾ ಸಾದಹಳ್ಳಿ ಕಡೆ ನೋಡಿ. 'ಏರ್‌ಪೋರ್ಟ್ ಹತ್ತಿರ' ಎಂಬ ಬೋರ್ಡ್ ನಂಬದೆ ಮ್ಯಾಪ್‌ನಲ್ಲಿ ಕಿಲೋಮೀಟರ್ ಅಳೆಯಿರಿ. ನಸುಕಿನ 2ಕ್ಕೆ ಗಾಡಿ ಕಳಿಸುತ್ತೀರಾ, ಟೋಲ್ ಯಾರದು ಎಂದು ಫೋನಿನಲ್ಲೇ ಕೇಳಿ. ಮೆಜೆಸ್ಟಿಕ್‌ನಲ್ಲಿ ಉಳಿಯುವವರಿಗೆ ಕೆಐಎ-9 ವಾಯು ವಜ್ರ ಬಸ್ ಇದೆ. ಆದರೆ ಹಗಲಿನ ಟ್ರಾಫಿಕ್‌ಗೆ ಎರಡು ತಾಸು ಕೈಯಲ್ಲಿರಲಿ.

ಇನ್ನು ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಚೆಕ್-ಇನ್ ಬ್ಯಾಗಿಗೆ ಹಾಕಿ. ಎಣ್ಣೆ ತೇಲುವ ಉಪ್ಪಿನಕಾಯಿ 100 ಮಿಲಿ ಮೀರಿದರೆ ಕೈಚೀಲದಲ್ಲಿ ನಡೆಯುವುದಿಲ್ಲ. ಚೆಕ್-ಇನ್‌ಗೆ ಹಾಕುವಾಗಲೂ ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಬಿಗಿದು, ಎರಡು ಕವರ್ ಸುತ್ತಿ. ಇಡೀ ಒಣಕೊಬ್ಬರಿ ಮನೆಯಲ್ಲೇ ಬಿಡಿ: ಎಣ್ಣೆಯಂಶದಿಂದ ಬೆಂಕಿ ಹಿಡಿಯುತ್ತದೆಂದು ತೆಗೆಸುತ್ತಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಲಿ.