ಮಾದರಿ ಆಸಿಯಾನ್ ಸಭೆಯಲ್ಲಿ ಅಧ್ಯಕ್ಷರ ಕುರ್ಚಿ ನಿಮ್ಮ ಪಾಲಿಗೆ ಬಂದರೆ

ಆಸಿಯಾನ್ ಅಂದರೆ ಆಗ್ನೇಯ ಏಷ್ಯಾದ ದೇಶಗಳ ಒಕ್ಕೂಟ; ಬ್ರೂನೈ, ಮ್ಯಾನ್ಮಾರ್ ಎರಡೂ ಅದರ ಸದಸ್ಯರು. ವಿದ್ಯಾರ್ಥಿಗಳು ಒಂದೊಂದು ದೇಶದ ಪಾತ್ರ ವಹಿಸಿ ಅದರ ಸಭೆಯನ್ನು ಆಡಿ ತೋರಿಸುವ ಕಾಲೇಜಿನ ಮಾದರಿ ಶೃಂಗಸಭೆಗೆ ಚೀಟಿ ಎತ್ತುವಾಗ ಎಲ್ಲರಿಗೂ ಇಂಡೋನೇಷ್ಯಾ ಬೇಕು, ಸಿಂಗಾಪುರ ಬೇಕು. ಬ್ರೂನೈ ಬಂದವರ ಮುಖ ಸಪ್ಪಗಾಗುತ್ತದೆ. ಆದರೆ ವಿಷಯ 2021ರ ಮ್ಯಾನ್ಮಾರ್ ಬಿಕ್ಕಟ್ಟು ಅಂತಿದ್ದರೆ ಜಾಸ್ತಿ ಕೆಲಸ, ಜಾಸ್ತಿ ಮಜಾ ಇರುವುದು ಬ್ರೂನೈಗೇ. ಆ ವರ್ಷ ಅಧ್ಯಕ್ಷತೆಯ ಸರದಿ ಅದರದ್ದು. ಅಲ್ಲಿನ ಜನಸಂಖ್ಯೆ ಸುಮಾರು ನಾಲ್ಕೂವರೆ ಲಕ್ಷ. ನಮ್ಮ ದಾವಣಗೆರೆ ನಗರವೇ 2011ರ ಜನಗಣತಿಯಲ್ಲಿ ನಾಲ್ಕು ಲಕ್ಷ ದಾಟಿತ್ತು. ಅಷ್ಟು ಚಿಕ್ಕ ದೇಶ ಒಂದು ಸೇನಾ ಸರ್ಕಾರವನ್ನು ಹೇಗೆ ಎದುರಿಸಿತು ಅನ್ನುವುದೇ ನಿಮ್ಮ ಪಾತ್ರ.

ಮೊದಲು ನಿಯಮ ಓದಿಕೊಳ್ಳಿ. ಆಸಿಯಾನ್ ಹುಟ್ಟಿದ್ದು 1967ರಲ್ಲಿ, ಬ್ಯಾಂಕಾಕಿನಲ್ಲಿ. ಅದರ ಸನ್ನದು ಜಾರಿಗೆ ಬಂದದ್ದು 2008ರಲ್ಲಿ. ಎರಡು ವಿಧಿ ಸಾಕು. 31ನೇ ವಿಧಿ: ಅಧ್ಯಕ್ಷತೆ ವರ್ಷಕ್ಕೊಂದು ದೇಶಕ್ಕೆ, ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. 20ನೇ ವಿಧಿ: ತೀರ್ಮಾನ ಆಗುವುದು ಮಾತುಕತೆ ಮತ್ತು ಒಮ್ಮತದಿಂದ. ಅಂದರೆ ನೀವು ಅಧ್ಯಕ್ಷರಾದರೂ ಯಾರಿಗೂ ಆರ್ಡರ್ ಮಾಡೋ ಹಾಗಿಲ್ಲ, ಕೈ ಎತ್ತಿಸಿ ಬಹುಮತ ಎಣಿಸೋ ಹಾಗೂ ಇಲ್ಲ. ಹಾಗಾದರೆ ಕುರ್ಚಿಗೆ ಏನು ಬೆಲೆ? ಮೂರು ಕಾಗದ ನಿಮ್ಮ ಕೈಯಲ್ಲಿರುತ್ತವೆ: ಕಾರ್ಯಸೂಚಿ, ಹೇಳಿಕೆಯ ಕರಡು, ಆಮಂತ್ರಣ ಪತ್ರ. ಇಡೀ ಆಟ ಅಲ್ಲೇ ಇದೆ.

ಒಮ್ಮತ ಅಂದರೇನು ಅಂತ ಪುಸ್ತಕ ಓದಿ ಗೊತ್ತಾಗಲ್ಲ. ಅದಕ್ಕೆ ಮೊದಲ ಅಭ್ಯಾಸವನ್ನು ಮ್ಯಾನ್ಮಾರ್ ಮೇಲೆ ಮಾಡಬೇಡಿ, ಭದ್ರಾ ನೀರಿನ ಮೇಲೆ ಮಾಡಿ. ಒಬ್ಬರು ಚನ್ನಗಿರಿ ಕಡೆಯ ಅಡಿಕೆ ತೋಟದವರು, ಒಬ್ಬರು ಹರಿಹರದ ಕಡೆ ನಾಲೆಯ ಕೊನೇ ಭಾಗದಲ್ಲಿ ಭತ್ತ ಹಾಕಿದವರು, ಇನ್ನೊಬ್ಬರು ಕುಡಿಯುವ ನೀರಿನ ಪರ ಮಾತಾಡುವವರು, ಮತ್ತೊಬ್ಬರು ಅಧ್ಯಕ್ಷರು. ನಾಲೆಗೆ ನೀರು ಯಾವತ್ತಿಂದ ಬಿಡಬೇಕು, ಎಷ್ಟು ದಿನ ಬಿಡಬೇಕು ಅನ್ನುವುದನ್ನು ಮತ ಹಾಕದೇ ಒಪ್ಪಿಸಬೇಕು. ಇಲ್ಲಿನ ಹುಡುಗರಿಗೆ ಈ ಜಗಳ ಮನೆಯಲ್ಲೇ ಕೇಳಿ ಗೊತ್ತಿರುತ್ತದೆ, ಆದ್ದರಿಂದ ನಾಟಕ ಮಾಡಬೇಕಾಗಿಲ್ಲ. ಸ್ವಲ್ಪ ಹೊತ್ತಿಗೇ ಅಧ್ಯಕ್ಷ ಸ್ಥಾನದಲ್ಲಿ ಕೂತವರಿಗೆ ಒಂದು ಹೊಳೆಯುತ್ತದೆ: ಕೂಗಾಡುವವರನ್ನು ಸುಮ್ಮನಾಗಿಸುವುದಕ್ಕಿಂತ, ಎಲ್ಲರೂ ತಳ್ಳಿಹಾಕಲಾಗದ ಒಂದು ವಾಕ್ಯ ಬರೆಯುವುದೇ ಕಷ್ಟದ ಕೆಲಸ.

ಇದಾದ ಮೇಲೆ ಅಸಲಿ ಘಟನೆಗಳಿಗೆ ಬನ್ನಿ. 2021ರ ಫೆಬ್ರವರಿ 1ಕ್ಕೆ ಮ್ಯಾನ್ಮಾರಿನಲ್ಲಿ ಸೇನೆ ಅಧಿಕಾರ ಕಿತ್ತುಕೊಂಡಿತು, ಚುನಾಯಿತ ಸರ್ಕಾರದ ನಾಯಕಿ ಆಂಗ್ ಸಾನ್ ಸೂಚಿ ಬಂಧನಕ್ಕೊಳಗಾದರು. ಏಪ್ರಿಲ್ 24ಕ್ಕೆ ಜಕಾರ್ತಾದಲ್ಲಿ ನಾಯಕರ ಸಭೆ. ಸೇನಾ ಮುಖ್ಯಸ್ಥ ಮಿನ್ ಆಂಗ್ ಹ್ಲಾಯಿಂಗ್ ಕೂಡ ಬಂದಿದ್ದರು. ಅಲ್ಲಿ ಬಂದದ್ದೇ ಐದು ಅಂಶಗಳ ಒಮ್ಮತ: ಹಿಂಸೆ ತಕ್ಷಣ ನಿಲ್ಲಬೇಕು, ಎಲ್ಲರ ನಡುವೆ ಮಾತುಕತೆ ಆಗಬೇಕು, ಅಧ್ಯಕ್ಷರ ವಿಶೇಷ ದೂತ ಮಧ್ಯಸ್ಥಿಕೆ ವಹಿಸಬೇಕು, ಮಾನವೀಯ ನೆರವು ಹೋಗಬೇಕು, ದೂತ ಅಲ್ಲಿಗೆ ಹೋಗಿ ಎಲ್ಲ ಕಡೆಯವರನ್ನೂ ಕಾಣಬೇಕು. ಈ ಐದನ್ನು ಬಾಯಿಪಾಠ ಮಾಡಿ. ಆಮೇಲೆ ಅದರಲ್ಲಿ ಏನಿಲ್ಲ ಅಂತ ಹುಡುಕಿ. ಗಡುವು ಇಲ್ಲ. ಬಂಧಿತರ ಬಿಡುಗಡೆ ಇಲ್ಲ. ದೂತರ ಹೆಸರೂ ಇಲ್ಲ! ಬ್ರೂನೈನ ಎರಿವಾನ್ ಯೂಸುಫ್ ದೂತರಾಗಿ ನೇಮಕ ಆಗುವಷ್ಟರಲ್ಲಿ ಆಗಸ್ಟ್ ಬಂದಿತ್ತು. ನಿಮ್ಮ ಕರಡಿನಲ್ಲಿ ಹೆಸರು, ತಾರೀಖು ಎರಡೂ ಇರಲಿ. ಎದುರಿನವರು ತೆಗೆಯಿರಿ ಅಂತ ಜಗಳ ಮಾಡಲಿ, ಅದು ಬೇರೆ ಮಾತು.

ಅಕ್ಟೋಬರಿನದನ್ನಂತೂ ನಿಧಾನವಾಗಿ ಓದಿ. ದೂತರಿಗೆ ಸೂಚಿಯವರನ್ನು ಕಾಣಲು ಅವಕಾಶ ಸಿಗಲಿಲ್ಲ, ಪ್ರವಾಸ ನಿಂತುಹೋಯಿತು. ಶೃಂಗಸಭೆ ಹತ್ತಿರ ಬಂತು. ವಿದೇಶಾಂಗ ಸಚಿವರು ತುರ್ತಾಗಿ ಸೇರಿದರು. ಮರುದಿನ ಬ್ರೂನೈ ಅಧ್ಯಕ್ಷ ದೇಶವಾಗಿ ಹೇಳಿಕೆ ಕೊಟ್ಟಿತು: ಮ್ಯಾನ್ಮಾರಿನ ರಾಜಕೀಯ ಪ್ರತಿನಿಧಿ ಬರುವ ಬಗ್ಗೆ ಒಮ್ಮತ ಮೂಡಿಲ್ಲ, ಹಾಗಾಗಿ ರಾಜಕೀಯೇತರ ಪ್ರತಿನಿಧಿಯನ್ನು ಕರೆಯುತ್ತೇವೆ. ನೋಡಿದಿರಾ? ಹೊರಗಿಡಲು ಒಮ್ಮತ ಬೇಕು ಅಂದಿದ್ದರೆ ಮ್ಯಾನ್ಮಾರ್ ಒಂದೇ ದೇಶ ಬೇಡ ಅಂದು ಮುಗಿಸಿಬಿಡುತ್ತಿತ್ತು. ಪ್ರಶ್ನೆಯನ್ನೇ ತಿರುಗಿಸಿ, ಕರೆಯಲು ಒಮ್ಮತ ಇದೆಯಾ ಅಂತ ಕೇಳಿದಾಗ ಅದೇ ನಿಯಮ ಸೇನೆಗೆ ಬಾಗಿಲು ಹಾಕಿತು. ಸೇನೆ ಸಿಟ್ಟಾಯಿತು, ಆ ಶೃಂಗಸಭೆಗೆ ಯಾರನ್ನೂ ಕಳಿಸಲಿಲ್ಲ. ನನ್ನ ಲೆಕ್ಕದಲ್ಲಿ ಆ ವರ್ಷದ ಅತಿ ಜಾಣ ಹೆಜ್ಜೆ ಇದೇ. ನಿಮ್ಮ ಸಭೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪ್ರಶ್ನೆಯನ್ನು ಹೀಗೆ ತಿರುಗಿಸಿ ನೋಡಿ.

ಜಂಟಿ ಹೇಳಿಕೆಗೆ ಎಲ್ಲರೂ ಒಪ್ಪದಿದ್ದರೆ ಎದೆಗುಂದಬೇಡಿ. ಅಧ್ಯಕ್ಷರ ಹೇಳಿಕೆ ಅಂತ ನಿಮ್ಮ ಹೆಸರಲ್ಲೇ ಹೊರಡಿಸಬಹುದು. ಖಾಲಿ ಕೈಯಲ್ಲಿ ಮಾತ್ರ ಎದ್ದು ಬರಬೇಡಿ. 2012ರಲ್ಲಿ ಕಾಂಬೋಡಿಯಾ ಅಧ್ಯಕ್ಷತೆಯಲ್ಲಿ ದಕ್ಷಿಣ ಚೀನಾ ಸಮುದ್ರದ ವಿಷಯಕ್ಕೆ ವಿದೇಶಾಂಗ ಸಚಿವರ ಜಂಟಿ ಪ್ರಕಟಣೆಯೇ ಹೊರಬರಲಿಲ್ಲ. 45 ವರ್ಷದಲ್ಲಿ ಅದೇ ಮೊದಲು. ಇವತ್ತಿಗೂ ಆ ಮಾತು ಕಾಂಬೋಡಿಯಾವನ್ನು ಬಿಟ್ಟಿಲ್ಲ.

ಎದುರಾಳಿ ತಂಡ ಕೇಳೇ ಕೇಳುತ್ತದೆ, ಬೇರೆ ಅಧ್ಯಕ್ಷರು ಏನು ಮಾಡಿದರು ಅಂತ. ಎರಡು ಉದಾಹರಣೆ ಜೇಬಲ್ಲಿರಲಿ. 2022ರ ಜನವರಿಯಲ್ಲಿ ಕಾಂಬೋಡಿಯಾದ ಆಗಿನ ಪ್ರಧಾನಿ ಹುನ್ ಸೇನ್ ಸೀದಾ ಮ್ಯಾನ್ಮಾರಿಗೆ ಹೋಗಿ ಸೇನಾ ಮುಖ್ಯಸ್ಥರನ್ನು ಕಂಡರು. ಟೀಕೆ ಬಂತು, ಫಲ ಬರಲಿಲ್ಲ. ಜುಲೈನಲ್ಲಿ ಸೇನೆ ನಾಲ್ವರು ಹೋರಾಟಗಾರರನ್ನು ಗಲ್ಲಿಗೇರಿಸಿತು. 2023ರಲ್ಲಿ ಇಂಡೋನೇಷ್ಯಾದ ವಿದೇಶಾಂಗ ಸಚಿವೆ ರೆಟ್ನೊ ಮರ್ಸುದಿ ಕ್ಯಾಮೆರಾ ದೂರ ಇಟ್ಟು ಸೇನೆಯ ಜೊತೆಗೂ, ವಿರೋಧಿ ಗುಂಪುಗಳ ಜೊತೆಗೂ ಮಾತಾಡುತ್ತಾ ಹೋದರು. ಯುದ್ಧ ನಿಲ್ಲಲಿಲ್ಲ, ನಿಜ. ಆದರೆ 2026ರಲ್ಲಿ ಮ್ಯಾನ್ಮಾರಿಗೆ ಬರಬೇಕಿದ್ದ ಅಧ್ಯಕ್ಷತೆ ಫಿಲಿಪ್ಪೀನ್ಸ್‌ಗೆ ಹೋಗಬೇಕು ಅಂತ ತೀರ್ಮಾನ ಆದದ್ದು ಅದೇ ವರ್ಷ.

ಅಂಕ ಕೊಡುವವರು ಕೊನೆಗೆ ನೋಡುವುದು ಹಸ್ತಾಂತರ. ಒಂದೇ ವರ್ಷದ ಅವಧಿ ಅಲ್ವಾ, ಬಿಕ್ಕಟ್ಟು ಮಾತ್ರ ಡಿಸೆಂಬರ್ 31ಕ್ಕೆ ಮುಗಿಯಲ್ಲ. ಅದಕ್ಕೇ ಮುಂದಿನ ಅಧ್ಯಕ್ಷ ದೇಶಕ್ಕೆ ಒಂದು ಪುಟದ ಟಿಪ್ಪಣಿ ಬರೆದುಕೊಡಿ: ಯಾರ್ಯಾರ ಜೊತೆ ಮಾತಾಗಿದೆ, ಯಾವ ಭರವಸೆ ಬಾಕಿ ಇದೆ, ಯಾವ ಪದಕ್ಕೆ ಯಾರು ತಕರಾರು ಮಾಡಿದರು. ಕಾಂಬೋಡಿಯಾ ಪಾತ್ರದವರು ಪಕ್ಕದಲ್ಲೇ ಕೂತಿರುತ್ತಾರೆ, ಸಭೆ ಮುಗಿಯುವ ಮೊದಲೇ ಎಲ್ಲರ ಎದುರು ಅವರ ಕೈಗೆ ಕೊಡಿ.